ಮನೇಲೇ ಮಾಡಿದ್ದು ತಾನೇ?

ನಾನು ಕಳಿಸುವ ಪ್ರತಿ ಕೇಕ್ ಡಬ್ಬಿಯ ಮೇಲೂ ಆಹಾರ ಸುರಕ್ಷತೆಯ ಇಲಾಖೆ ಕೊಟ್ಟ 14 ಅಂಕಿಯ ಒಂದು ನಂಬರ್ ಅಂಟಿಸಿರುತ್ತೇನೆ. ಮೊದಲ ಅಂಕಿ 2, ಅಂದರೆ ಇದು ಲೈಸೆನ್ಸ್ ಅಲ್ಲ, ಬರೀ ನೋಂದಣಿ. ಆಮೇಲಿನ 12 ಕರ್ನಾಟಕದ್ದು, ಅದರ ಮುಂದಿನೆರಡು ನೋಂದಾಯಿಸಿದ ವರ್ಷದ್ದು. ಉಳಿದದ್ದು ಇಲಾಖೆಯವರಿಗೇ ಅರ್ಥವಾಗಬೇಕು. ಈ ನಂಬರನ್ನು ಓದಿದ ಗಿರಾಕಿ ಇವತ್ತಿನವರೆಗೆ ನನಗೆ ಸಿಕ್ಕಿಲ್ಲ. ಅವರು ಫೋನು ಮಾಡಿ ಕೇಳುವುದೇ ಬೇರೆ. ಮೊದಲನೆಯದು, "ಮನೇಲೇ ಮಾಡಿದ್ದು ತಾನೇ?" ಹೌದು ಅಂದರೆ ಅರ್ಧ ವ್ಯಾಪಾರ ಮುಗಿದಂತೆ. ಎರಡನೆಯದು, "ಮೊಟ್ಟೆ ಹಾಕಲ್ಲ ಅಲ್ವಾ?" ಇನ್ನೊಂದಿದೆ, ಅದು ಎಲ್ಲರ ಬಾಯಿಂದಲೂ ಬರುವುದಿಲ್ಲ. ಅದೂ ಇದೂ ಮಾತಾಡಿ, ಊರು ಯಾವುದು, ಮನೆದೇವರು ಯಾರು ಅಂತೆಲ್ಲ ಸುತ್ತಿ ಬಳಸಿ ಕೊನೆಗೆ ಕೇಳುತ್ತಾರೆ: "ತಪ್ಪು ತಿಳ್ಕೋಬೇಡಿ ಮೇಡಂ, ನೀವು ಯಾವ ಜನ?"

ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ ಕೇಕ್ ಮಾಡಿ ಮಾರುವವಳು ನಾನು. ಈ ಮೂರನೆಯ ಪ್ರಶ್ನೆ ಬಂದಾಗಲೆಲ್ಲ ಒಂದು ಕ್ಷಣ ಸಿಟ್ಟು ಬರುತ್ತದೆ, ಆಮೇಲೆ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ಈಯಮ್ಮ ಇದೇ ಸಂಜೆ ಸ್ಟಾಲಿನಲ್ಲಿ ಪಾನಿಪುರಿ ತಿನ್ನುತ್ತಾರೆ, ಅಲ್ಲಿ ಯಾರನ್ನೂ ಏನೂ ಕೇಳುವುದಿಲ್ಲ. ನನ್ನನ್ನು ಕೇಳುತ್ತಾರೆ, ಯಾಕೆಂದರೆ ನನ್ನದು ಅಂಗಡಿಯಲ್ಲ, ಮನೆ. ಮನೆ ಅಂದಮೇಲೆ ಯಾರ ಮನೆ ಅನ್ನುವುದು ಬಂದೇ ಬರುತ್ತದೆ. (ಉತ್ತರವನ್ನು ಇಲ್ಲೂ ಬರೆಯುವುದಿಲ್ಲ. ಊಹೆ ಮಾಡುವವರು ಮಾಡಿಕೊಳ್ಳಲಿ.)

ಮನೆಯಲ್ಲಿ ಬೇಕಿಂಗ್ ಮಾಡುವವರ ಗುಂಪುಗಳಲ್ಲಿ ಕಾನೂನಿನ ಮಾತು ಬಂದರೆ ಒಂದೇ ರಾಗ: ಇದೆಲ್ಲ ತಲೆನೋವು, ದುಡ್ಡು ಕೀಳೋ ದಾರಿ, ನಾವೇನು ಫ್ಯಾಕ್ಟರಿ ಇಟ್ಟಿದೀವಾ. ನಾನೂ ಆ ರಾಗ ಹಾಡಿದವಳೇ. ಈಗ ಅಷ್ಟು ಸುಲಭಕ್ಕೆ ಬಾಯಿ ಬರುವುದಿಲ್ಲ. ಯಾಕೆ ಅಂತ ಬರೆದು ನೋಡೋಣ ಅನ್ನಿಸಿತು.

ನೂರು ರೂಪಾಯಿಯ ಕಾಗದ

ನೋಂದಣಿ ಮಾಡಿಸಿದ ದಿನದ ಕಥೆ ಇದು. ಆನ್‌ಲೈನಿನಲ್ಲೇ ಆಗುತ್ತದೆ, ನನ್ನ ಫೋನಿನಲ್ಲೇ ಮಾಡಬಹುದಿತ್ತು. ಆದರೆ ಸರ್ಕಾರಿ ಕಾಗದ ಅಂದರೆ ಸೈಬರ್ ಸೆಂಟರಿಗೆ ಹೋಗಬೇಕು ಅನ್ನುವುದು ನಮ್ಮ ರಕ್ತದಲ್ಲೇ ಇದೆಯಲ್ಲ. ಅಲ್ಲಿದ್ದ ಹುಡುಗ ಚುರುಕು. ಫಾರಂ ತೆರೆದು, "ಅಂಗಡಿ ಹೆಸರು ಹೇಳಿ ಅಕ್ಕಾ" ಅಂದ. ಅಂಗಡಿ ಇಲ್ಲ, ಮನೆ ಅಂದೆ. "ಸರಿ, ಮನೆ ವಿಳಾಸ ಆಮೇಲೆ ಹಾಕಣ. ಅಂಗಡಿ ವಿಳಾಸ ಹೇಳಿ." ಅದೇ ಮನೆ ಕಣಪ್ಪ ಅಂದೆ. ಅವನು ಕೈ ಕೀಬೋರ್ಡಿನಿಂದ ತೆಗೆದು ನನ್ನ ಕಡೆ ತಿರುಗಿ, "ಅಲ್ಲ ಅಕ್ಕಾ, ಕೇಕ್ ಎಲ್ಲಿ ಮಾಡ್ತೀರಿ?" ಅಂದ. ಅಡುಗೆಮನೇಲಿ. "ಊಟಕ್ಕೆ ಮಾಡೋದು?" ಅದೂ ಅಲ್ಲೇ. ಪಕ್ಕದಲ್ಲಿ ಪಹಣಿ ತೆಗೆಸಲು ಕೂತಿದ್ದ ಹಿರಿಯರೊಬ್ಬರು ನಕ್ಕುಬಿಟ್ಟರು. ಹುಡುಗ ಮಾತ್ರ ನಗಲಿಲ್ಲ. ಮನೆ ವಿಳಾಸವನ್ನೇ ಎರಡೂ ಕಡೆ ತುಂಬಿ, ನನ್ನ ಫೋಟೋ, ಆಧಾರ್, ವಿಳಾಸದ ದಾಖಲೆ ಏರಿಸಿ, 2,500 ಆಗುತ್ತೆ ಅಂದ. ಸರ್ಕಾರದ ಶುಲ್ಕ ವರ್ಷಕ್ಕೆ 100 ರೂಪಾಯಿ ಅನ್ನುವುದು ಪರದೆಯ ಮೇಲೇ ಕಾಣುತ್ತಿತ್ತು. ಚೌಕಾಸಿ ಮಾಡಿ ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಅವನ ಕೂಲಿ ಅವನಿಗೆ ಸಿಗಲಿ. ಆದರೆ "ಲೈಸೆನ್ಸ್ ತುಂಬಾ ಕಾಸ್ಟ್ಲಿ" ಅನ್ನುವ ಮಾತು ಎಲ್ಲಿಂದ ಹುಟ್ಟುತ್ತದೆ ಅನ್ನುವುದು ಅವತ್ತು ತಿಳಿಯಿತು.

2006ರ ಆಹಾರ ಸುರಕ್ಷತೆ ಕಾಯ್ದೆ, ಅದರಡಿ 2011ರಲ್ಲಿ ಬಂದ ಲೈಸೆನ್ಸ್ ಮತ್ತು ನೋಂದಣಿ ನಿಯಮಗಳು: ನಮಗೆ ಬೇಕಾದದ್ದೆಲ್ಲ ಇವೆರಡರಲ್ಲೇ ಇದೆ. ಆ ನಿಯಮಗಳು ವರ್ಷದ ವಹಿವಾಟು 12 ಲಕ್ಷದೊಳಗೆ ಇರುವವರನ್ನು ಸಣ್ಣ ವ್ಯಾಪಾರಿ ಅಂತ ಕರೆದು, ಲೈಸೆನ್ಸಿನ ಬದಲು ಬರೀ ನೋಂದಣಿ ಸಾಕು ಅಂದವು. ಅರ್ಜಿ ಹಾಕಿ ಏಳು ದಿನದೊಳಗೆ ಇಲಾಖೆ ನೋಂದಣಿಯನ್ನೂ ಕೊಡದೆ, ತಿರಸ್ಕರಿಸದೆ, ತಪಾಸಣೆಗೂ ಹೇಳದೆ ಸುಮ್ಮನಿದ್ದರೆ ವ್ಯಾಪಾರ ಶುರುಮಾಡಿಕೊಳ್ಳಿ ಅಂತಲೂ ಬರೆದಿದೆ. ನಮ್ಮ ದೇಶದ ಯಾವ ಕಚೇರಿ ಹೀಗೆ, ನಾವು ತಡಮಾಡಿದರೆ ನೀವು ಮುಂದುವರಿಯಿರಿ ಅನ್ನುತ್ತದೆ, ಹೇಳಿ? ಗಾಳಿಪಟದಷ್ಟು ಹಗುರವಾದ ಕಾನೂನು ಇದು.

ಆದರೆ ಅರ್ಜಿಯ ಜೊತೆ ಒಂದು ಘೋಷಣೆಗೆ ಒಪ್ಪಿಗೆ ಹಾಕುತ್ತೇವೆ, ಆ ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿ, ಅಂದರೆ ಶುಚಿತ್ವದ ಪಟ್ಟಿಯಲ್ಲಿ, ಹೇಳಿದ್ದನ್ನೆಲ್ಲ ಪಾಲಿಸುತ್ತೇನೆ ಅಂತ. ಅದನ್ನು ಓದಿ ಒಪ್ಪಿದವರು ಎಷ್ಟು ಜನವೋ. ನಾನು ಓದಿದ್ದು ಆಮೇಲೆ, ರಾತ್ರಿ ಕೇಕ್ ಬೇಯುತ್ತಿರುವಾಗ ಹೊತ್ತು ಹೋಗಲಿ ಅಂತ. ಸ್ವಾರಸ್ಯವಾಗಿದೆ. ಉಗುರು ಕತ್ತರಿಸಿರಬೇಕು. ಮೈ ಕೆರೆದುಕೊಳ್ಳಬಾರದು, ತಲೆಗೂದಲು ಮುಟ್ಟಬಾರದು. ಗೋಡೆಯ ಬಣ್ಣ ಚಕ್ಕೆ ಏಳಬಾರದು. ಕೆಲಸ ನಡೆಯುತ್ತಿರುವಾಗ ಕೀಟನಾಶಕ ಸಿಂಪಡಿಸಬಾರದು, ನೊಣ ಬಂದರೆ ಹೊಡೆಯುವ ಬ್ಯಾಟು ಬಳಸಿ ಅನ್ನುತ್ತದೆ, ಅದನ್ನೂ ಬರೆದಿದ್ದಾರೆ ಪುಣ್ಯಾತ್ಮರು. ಕೈಗೆ ಸಡಿಲವಾದ ಒಡವೆ ಹಾಕಬಾರದು. ಈ ಕೊನೆಯದು ನಮ್ಮ ಮನೆಯಲ್ಲಿ ಒಂದು ವಾರದ ಚರ್ಚೆಯಾಯಿತು. ಮೈದಾ ಕಲಸುವಾಗ ಬಳೆ ತೆಗೆದಿಡುತ್ತೇನೆ ಅಂದಿದ್ದಕ್ಕೆ ಅತ್ತೆ, "ಕೇಕಿಗೋಸ್ಕರ ಬಳೆ ತೆಗೀತೀಯಾ, ಒಳ್ಳೇ ಗವರ್ನಮೆಂಟು" ಅಂದರು. ಈಗ ಅವರೇ ನಾನು ಓವನ್ ಹಚ್ಚುವ ಹೊತ್ತಿಗೆ ಬಳೆಯ ಬಟ್ಟಲನ್ನು ಕಿಟಕಿಯ ಹತ್ತಿರ ತಂದಿಡುತ್ತಾರೆ.

ಹಪ್ಪಳದಜ್ಜಿ

ಈ ಅನುಸೂಚಿ ಓದುತ್ತಾ ಓದುತ್ತಾ ನನಗೆ ನೆನಪಾದದ್ದು ಹಪ್ಪಳದಜ್ಜಿ. ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ಅಗ್ರಹಾರದ ಹತ್ತಿರದ ಒಂದು ಬೀದಿಯಲ್ಲಿ. ಎರಡು ಬೀದಿ ದಾಟಿದರೆ ಅಜ್ಜಿಯ ಮನೆ. ಬೋರ್ಡು ಇಲ್ಲ, ಅಂಗಡಿ ಇಲ್ಲ. ಉದ್ದಿನ ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ, ಗೌರಿ ಹಬ್ಬಕ್ಕೆ ಮುಂಚೆ ಚಕ್ಕುಲಿ. ಮದುವೆ ಮನೆಯವರು ತಿಂಗಳ ಮೊದಲೇ ಹೇಳಿಟ್ಟಿರಬೇಕು. ಯಾವ ಲೈಸೆನ್ಸೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ.

ಅಮ್ಮ ನನ್ನ ಕೈಗೆ ದುಡ್ಡು ಕೊಟ್ಟು ಕಳಿಸುತ್ತಿದ್ದಳು. ಒಂದು ಬೆಳಗ್ಗೆ ಬಾಗಿಲು ತೆರೆದೇ ಇತ್ತು. ಒಳಗೆ ನಡುಮನೆಯಲ್ಲಿ ಬಿಳಿ ಪಂಚೆಯ ಮೇಲೆ ಹಪ್ಪಳ ಹರಡಿತ್ತು, ಇಂಗಿನ ವಾಸನೆ ಬೀದಿಗೇ ಬರುತ್ತಿತ್ತು. ನಾನು ಹೊಸ್ತಿಲ ಮೇಲೆ ಒಂದು ಕಾಲಿಟ್ಟೆ. "ಅಲ್ಲೇ ನಿಂತ್ಕೋ ಪುಟ್ಟೀ! ಮಡೀಲಿದೀನಿ!" ಅಂತ ಒಳಗಿನಿಂದ ಕೂಗು. ಅಜ್ಜಿ ಒದ್ದೆ ಸೀರೆಯಲ್ಲಿ ಬಂದರು. ದುಡ್ಡನ್ನು ಜಗಲಿಯ ಮೇಲೆ ಇಡಲು ಹೇಳಿದರು. ಅದರ ಮೇಲೆ ತಂಬಿಗೆಯಿಂದ ನೀರು ಚಿಮುಕಿಸಿ ಎತ್ತಿಕೊಂಡರು. ಹಪ್ಪಳದ ಕಟ್ಟನ್ನು ನನ್ನ ಚಾಚಿದ ಕೈಗೆ ಒಂದು ಗೇಣು ಮೇಲಿನಿಂದ ಬಿಟ್ಟರು. ತುಂಬ ಅಕ್ಕರೆಯಿಂದಲೇ, "ಬೀಳಿಸ್ಬೇಡ ಕಂದಾ, ನೇರ ಮನೆಗೆ ಹೋಗು" ಅಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ, ಅಜ್ಜಿ ನನ್ನ ಕೈಯನ್ನು ಮುಟ್ಟಲೇ ಇಲ್ಲ ಅಂತ. ಅಮ್ಮ ಹಪ್ಪಳ ಎಣಿಸುತ್ತಾ, "ಅವರ ಕೈ ಶುದ್ಧ, ಅದಕ್ಕೇ ಅವರ ಹತ್ರ ತಗೊಳ್ಳೋದು" ಅಂದಳು. ಆ ಎರಡು ಮಾತು ಒಟ್ಟಿಗೆ ಹೇಗೆ ಕೂರುತ್ತವೆ ಅನ್ನುವುದು ನನಗೆ ಅವತ್ತು ಹೊಳೆಯಲಿಲ್ಲ.

ಅಜ್ಜಿಯ ನಿಯಮ ನಾಲ್ಕನೇ ಅನುಸೂಚಿಗಿಂತ ಹತ್ತು ಪಾಲು ಬಿಗಿ. ಸ್ನಾನವಾಗದೆ ಒಲೆ ಹಚ್ಚುತ್ತಿರಲಿಲ್ಲ, ಉಗುರು ಚರ್ಮಕ್ಕಂಟಿ ಕತ್ತರಿಸಿರುತ್ತಿದ್ದರು, ಬೇರೆ ಮನೆಯ ನೀರು ಹಿಟ್ಟಿಗೆ ತಾಗುವಂತಿಲ್ಲ. ಅವರ ಹಪ್ಪಳದಿಂದ ಯಾರಿಗಾದರೂ ಹೊಟ್ಟೆ ಕೆಟ್ಟಿದ್ದು ಕೇಳಿಲ್ಲ. ಆದರೆ ಆ ನಿಯಮಗಳಲ್ಲಿ ಅರ್ಧ ಕೊಳೆಯ ಬಗ್ಗೆ ಇದ್ದವು, ಇನ್ನರ್ಧ ಜನರ ಬಗ್ಗೆ. ಎರಡನ್ನೂ ಹೊಲಿದು ಒಂದೇ ಬಟ್ಟೆ ಮಾಡಲಾಗಿತ್ತು, ಬಿಚ್ಚಲು ದಾರವೇ ಸಿಗದ ಹಾಗೆ. ಇವತ್ತು "ಮನೇಲೇ ಮಾಡಿದ್ದು ತಾನೇ?" ಅಂತ ಶುರುವಾದ ಮಾತು "ಯಾವ ಜನ?" ಅನ್ನುವಲ್ಲಿಗೆ ತಲುಪುವುದು ಆ ಬಟ್ಟೆಯ ಮೇಲೇ ನಡೆದುಕೊಂಡು.

ಅನುಸೂಚಿಯಲ್ಲಿ ಉಗುರಿನ ಮಾತಿದೆ, ಸೋಪಿನ ಮಾತಿದೆ, ಗಾಯವಾಗಿದ್ದರೆ ಮುಚ್ಚಿಕೊಳ್ಳಿ ಅಂತಿದೆ, ಅಂಟುರೋಗ ಇರುವವರು ಆಹಾರದ ಹತ್ತಿರ ಬರಬೇಡಿ ಅಂತಿದೆ. ಹುಟ್ಟಿನ ಮಾತು ಎಲ್ಲೂ ಇಲ್ಲ. ಕೊಳೆಯನ್ನು ಜನರಿಂದ ಬಿಡಿಸಿ ನೋಡಿದ ಕಾಗದ ಅದು. ಕುವೆಂಪುನಗರದ ನನಗೂ, ಬೇರೆ ಬಡಾವಣೆಯಲ್ಲಿ ಚೆಂದದ ಬಟರ್‌ಸ್ಕಾಚ್ ಕೇಕ್ ಮಾಡಿಯೂ "ನಿಮ್ಮ ಕಡೆ ಡೆಲಿವರಿ ಬೇಡ" ಅನ್ನಿಸಿಕೊಳ್ಳುವ ನನ್ನ ಗೆಳತಿಗೂ ಅದೇ ನೂರು ರೂಪಾಯಿ, ಅದೇ 2ರಿಂದ ಶುರುವಾಗುವ ನಂಬರು. ಅವಳ ಹೆಸರು ನೋಡಿದ ಕೂಡಲೇ ಎಷ್ಟೋ ಜನಕ್ಕೆ ಇದ್ದಕ್ಕಿದ್ದ ಹಾಗೆ ಕೇಕ್ ಬೇಡವಾಗುತ್ತದೆ. ಅವಳ ಅಡುಗೆಮನೆ ನನ್ನದಕ್ಕಿಂತ ಚೊಕ್ಕಟ. ನನ್ನ ಓವನ್ನಿನ ಹಿಂದೆ ಏನಿದೆ ಅಂತ ಯಾರೂ ನೋಡಿಲ್ಲ, ನೋಡದಿದ್ದರೇ ಒಳ್ಳೆಯದು.

ಹೆಸರೇ ಲೈಸೆನ್ಸ್ ಆದದ್ದಕ್ಕೆ ನಮ್ಮಲ್ಲಿ ದೊಡ್ಡ ಉದಾಹರಣೆಯೇ ಇದೆ. ಹಾಸನ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ತೆರೆದರು. ಬ್ರೆಡ್ಡು ಬಿಸ್ಕತ್ತು ಅಂದರೆ ಮೊಟ್ಟೆ, ದೊರೆಗಳ ತಿಂಡಿ ಅಂತ ದೂರ ನಿಲ್ಲುತ್ತಿದ್ದವರು ಕೂಡ ಅಯ್ಯಂಗಾರ್ ಅನ್ನುವ ಹೆಸರು ನೋಡಿ ಒಳಗೆ ಬಂದರು. ಆಮೇಲೆ ಗಲ್ಲಿಗೊಂದು ಅಯ್ಯಂಗಾರ್ ಬೇಕರಿ. ಖಾರ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ತಿಂದೇ ಬೆಳೆದವಳು ನಾನು, ಅದರ ಮೇಲೆ ಕಲ್ಲು ಎಸೆಯುವುದಿಲ್ಲ. ಆದರೆ ಬೋರ್ಡಿನ ಮೇಲೆ ಹಾಕಿಕೊಳ್ಳಲು ಅಂಥ ಹೆಸರಿಲ್ಲದವರು ಏನು ಹಾಕಿಕೊಳ್ಳಬೇಕು? ಅವರಿಗೆ ಉಳಿದಿರುವುದು ಆ 14 ಅಂಕಿಯೇ.

ರೂಪಾಯಿಯೋ, ಕೆನೆಯೋ

ಇಷ್ಟು ಹೊಗಳಿದ ಮೇಲೆ ಬೈಯುವ ಹಕ್ಕೂ ನನಗಿದೆ. ಈ ನಂಬರಿನ ಹಿಂದೆ ಗಟ್ಟಿಯಾದದ್ದು ಏನಿದೆ? ನಾನೇ ಬರೆದುಕೊಟ್ಟ ಒಂದು ಘೋಷಣೆ. ನನ್ನ ಮನೆಗೆ ಯಾವ ಅಧಿಕಾರಿಯೂ ಬಂದಿಲ್ಲ. ಪ್ರತಿ ಮನೆಯ ಅಡುಗೆಮನೆಗೆ ಇಣುಕುವಷ್ಟು ಜನ ಯಾವ ಜಿಲ್ಲೆಯಲ್ಲಿದ್ದಾರೆ? ಅದಕ್ಕಿಂತ ನನಗೆ ಹೆಚ್ಚು ಕಸಿವಿಸಿ ತರುವುದು ಬೇರೆ: ಕಾನೂನು ನನ್ನನ್ನು ಅಳೆಯುವುದು ರೂಪಾಯಿಯಲ್ಲಿ. ಎಷ್ಟು ಮಾರಿದೆ ಅನ್ನುವುದರ ಮೇಲೆ ನೋಂದಣಿಯೋ ಲೈಸೆನ್ಸೋ ಅಂತ ನಿರ್ಧಾರ. ಏನು ಮಾರಿದೆ ಅನ್ನುವುದಕ್ಕೆ ಅಲ್ಲಿ ಅಷ್ಟು ಬೆಲೆಯಿಲ್ಲ.

ಚಿಕ್ಕಮ್ಮನ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳಿಗೂ ಇದೇ ಹುಚ್ಚು. ಅಲ್ಲಿ ಮನೆಯಲ್ಲಿ ಬೇಯಿಸಿದ್ದನ್ನು ಮಾರುವುದು 2021ರ ಅಕ್ಟೋಬರ್‌ವರೆಗೂ ಅಪರಾಧ, ಸಾವಿರ ಡಾಲರ್‌ವರೆಗೆ ದಂಡ. ಅಮೆರಿಕದಲ್ಲಿ ಕೊನೆಯವರೆಗೂ ಹೀಗೆ ಹಟ ಹಿಡಿದು ಕೂತ ರಾಜ್ಯ ಅದು. ತಮಾಷೆ ಏನೆಂದರೆ ಅದೇ ಕೇಕನ್ನು ಅದೇ ಓವನ್ನಿನಲ್ಲಿ ಮಾಡಿ ಧರ್ಮಕಾರ್ಯಕ್ಕೆ ಅಂತ ಮಾರಿದರೆ ಪರವಾಗಿಲ್ಲ. ದುಡ್ಡು ನಮ್ಮ ಜೇಬಿಗೆ ಬಂದ ಕೂಡಲೇ ಕೇಕಿನಲ್ಲಿ ವಿಷ ಸೇರಿಬಿಡುತ್ತದೆ ಅನ್ನುವ ಹಾಗೆ. ಮನೆ ಬೇಕರ್‌ಗಳು 2017ರಲ್ಲಿ ಕೋರ್ಟಿಗೆ ಹೋದರು, ನಾಲ್ಕು ವರ್ಷ ಹೋರಾಡಿದರು, ಆಮೇಲೆ ನಿಯಮ ಬದಲಾಯಿತು. ನಮ್ಮ ಕಾಯ್ದೆ ಈ ವಿಷಯದಲ್ಲಿ ಜಾಣ. ಆಹಾರ ವ್ಯಾಪಾರ ಅಂದರೆ ಏನು ಅಂತ ಹೇಳುವಾಗಲೇ "ಲಾಭಕ್ಕಾಗಿರಲಿ, ಇಲ್ಲದಿರಲಿ" ಅಂದುಬಿಟ್ಟಿದೆ. ಉಚಿತವಾಗಿ ಹಂಚಿದರೂ ಕೇಕು ಕೇಕೇ.

ಆದರೆ ಅವರ ಹೊಸ ನಿಯಮದಲ್ಲಿ ಒಂದು ಮಾತು ನನಗೆ ತುಂಬ ಹಿಡಿಸಿತು. ಫ್ರಿಜ್ಜಿನಲ್ಲಿ ಇಡಲೇಬೇಕಾದದ್ದು ಏನನ್ನೂ ಮನೆಯಿಂದ ಮಾರುವಂತಿಲ್ಲ. ಬಿಸ್ಕತ್ತು, ಬ್ರೆಡ್ಡು, ಒಣ ಕೇಕು ಸರಿ. ಚೀಸ್‌ಕೇಕು, ಹಸಿ ಕ್ರೀಮು ತುಂಬಿದ್ದು ಕೂಡದು. ನಮ್ಮ ಬೆಣ್ಣೆ ಬಿಸ್ಕತ್ತನ್ನು ಅವಳು ಕಣ್ಣುಮುಚ್ಚಿ ಮಾರಬಹುದು, ನಾನು ದಿನಾ ಮಾಡುವ ಫ್ರೆಶ್ ಕ್ರೀಮ್ ಪೈನಾಪಲ್ ಕೇಕ್ ಮಾರಿದರೆ ತಪ್ಪು. ಇದರ ಹಿಂದಿನ ಲೆಕ್ಕವನ್ನು ನನಗೆ ಹೇಳಿದವರು ಮೈಸೂರಿನವರೇ. ಚೆಲುವಾಂಬ ಅರಮನೆಯಲ್ಲಿ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಬೇಕರಿ ತರಬೇತಿ ಪಡೆದು ಬಂದವರೊಬ್ಬರು. ರೋಗಾಣು ಬೆಳೆಯಲು ಅದಕ್ಕೆ ಸಿಗುವ ನೀರು ಬೇಕು. ರಸ್ಕಿನಲ್ಲಿ ಆ ನೀರು ಇಲ್ಲ, ಸಕ್ಕರೆ ಜಾಸ್ತಿ ಇರುವ ಕಡೆ ನೀರಿದ್ದರೂ ಸಕ್ಕರೆ ಅದನ್ನು ಹಿಡಿದಿಟ್ಟಿರುತ್ತದೆ. ಹಸಿ ಕೆನೆಯಲ್ಲಿ ನೀರೂ ಇದೆ, ಪ್ರೋಟೀನೂ ಇದೆ, ಮೇಲೆ ಹಣ್ಣಿನ ಚೂರು ಬೇರೆ. 5ರಿಂದ 60 ಡಿಗ್ರಿವರೆಗಿನ ಬಿಸಿಯಲ್ಲಿ ಅದು ಕೂತಷ್ಟು ಹೊತ್ತೂ ರೋಗಾಣುಗಳಿಗೆ ಹಬ್ಬ. ಏಪ್ರಿಲ್ ಮಧ್ಯಾಹ್ನ ಕುವೆಂಪುನಗರದಿಂದ ಬನ್ನಿಮಂಟಪಕ್ಕೆ ಬೈಕಿನ ಮೇಲೆ ಹೋಗುವ ನನ್ನ ಕೇಕ್ ಎಷ್ಟು ಡಿಗ್ರಿಯಲ್ಲಿರುತ್ತದೆ ಅಂತ ಯಾವ ಫಾರಂ ನನ್ನನ್ನು ಕೇಳಿತು? ವರ್ಷಕ್ಕೆ ಐವತ್ತು ಸಾವಿರದ ಕ್ರೀಮ್ ಕೇಕ್ ಮಾರುವವಳಿಂದ ಆಗಬಹುದಾದ ಅಪಾಯ, ಹದಿನೈದು ಲಕ್ಷದ ರಸ್ಕು ಮಾರುವವನಿಂದ ಆಗುವುದಕ್ಕಿಂತ ದೊಡ್ಡದು. ಗೆರೆಯನ್ನು ರೂಪಾಯಿಯ ಮೇಲಲ್ಲ, ಕೆನೆಯ ಮೇಲೆ ಎಳೆಯಬೇಕಿತ್ತು ಅಂತ ನನ್ನ ಅನಿಸಿಕೆ. ಎಳೆದರೆ ನನ್ನ ವ್ಯಾಪಾರದ ಮುಕ್ಕಾಲು ಪಾಲು ಹೋಗುತ್ತದೆ, ಅದೂ ಗೊತ್ತಿದೆ.

ಬಣ್ಣದ ಕಥೆಯೂ ಇದೇ ಜಾತಿಯದು. 2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷಿಸಿದ ಸುದ್ದಿ ಬಂತು. 12ರಲ್ಲಿ ಕೃತಕ ಬಣ್ಣದ ಸಮಸ್ಯೆ ಇತ್ತು, ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಕೇಳಿಬಂತು. ಟಿವಿಯಲ್ಲಿ ಇಡೀ ದಿನ ಕೇಕ್ ಮತ್ತು ಕ್ಯಾನ್ಸರ್. ನಮ್ಮಂಥವರಿಗೆ ಆ ವಾರ ಆರ್ಡರೋ ಆರ್ಡರು! ಬೇಕರಿದು ಬೇಡ, ಮನೇಲಿ ಮಾಡಿದ್ದೇ ಕೊಡಿ ಅಂತ. ನಾನು ಮಾತ್ರ ಬಣ್ಣದ ಬಾಟಲಿ ಹಿಡಿದು ಯೋಚಿಸುತ್ತಾ ನಿಂತೆ. ಬೇಕರಿಯವನೂ ನಾನೂ ಬಣ್ಣ ತರುವುದು ಒಂದೇ ಅಂಗಡಿಯಿಂದ. ನಮ್ಮಲ್ಲಿ ಒಪ್ಪಿಗೆ ಇರುವ ಎಂಟು ಕೃತಕ ಬಣ್ಣಗಳಿವೆ, ಸಾಮಾನ್ಯವಾಗಿ ಒಂದು ಕಿಲೋ ಆಹಾರಕ್ಕೆ 100 ಮಿಲಿಗ್ರಾಂ ಮೀರಬಾರದು. ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ನನ್ನ ತಕ್ಕಡಿ ಒಂದು ಗ್ರಾಮಿಗಿಂತ ಕಡಿಮೆ ತೋರಿಸುವುದೇ ಇಲ್ಲ. ಬಾಟಲಿಯ ಜೆಲ್ಲಿನಲ್ಲಿ ಬಣ್ಣ ಎಷ್ಟು ಪಾಲು, ಉಳಿದದ್ದು ಎಷ್ಟು ಅಂತಲೂ ಬರೆದಿರಲಿಲ್ಲ. ಮನೆಯಲ್ಲಿ ಮಾಡಿದ್ದು ಅನ್ನುವ ಮಾತು ಈ ಲೆಕ್ಕದಲ್ಲಿ ಒಂದು ಮಿಲಿಗ್ರಾಂ ಕೂಡ ಕಡಿಮೆ ಮಾಡುವುದಿಲ್ಲ. ರೆಡ್ ವೆಲ್ವೆಟ್ ಬಿಟ್ಟೆ. ಬೀಟ್‌ರೂಟ್ ಹಾಕಿ ಮಾಡಿ ಅನ್ನುತ್ತಾರೆ, ಹಾಕಿದರೆ ಬೆಂದ ಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಫೋಟೋ ಹಾಕಿದರೆ ಯಾರೂ ಕೊಳ್ಳುವುದಿಲ್ಲ.

ಮೀಟರು, ಸಿಲಿಂಡರು, ಓನರು

ಆಹಾರದ ಕಾಯ್ದೆ ಒಂದನ್ನು ಬಿಟ್ಟರೆ ಉಳಿದ ನಿಯಮಗಳಿಗೆಲ್ಲ ಮನೆ ಬೇರೆ, ವ್ಯಾಪಾರ ಬೇರೆ. ನನ್ನ ಓಟಿಜಿ, ಅಂದರೆ ಕರೆಂಟಿನ ಓವನ್, ಗಂಟೆಗೆ ಸುಮಾರು ಎರಡು ಯೂನಿಟ್ ನುಂಗುತ್ತದೆ. ಗೃಹಜ್ಯೋತಿ ಇರುವುದು ಗೃಹಬಳಕೆಗೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಡಿಸೆಂಬರಿನಲ್ಲಿ ಕ್ರಿಸ್‌ಮಸ್, ಹೊಸವರ್ಷ ಅಂತ ಆರ್ಡರ್ ಹೆಚ್ಚಾದಾಗ ಮನೆಯವರು ದಿನಾ ಬೆಳಗ್ಗೆ ಮೀಟರಿನ ಮುಂದೆ ನಿಂತು ಪಂಚಾಂಗ ಓದುವ ಹಾಗೆ ಓದುತ್ತಾರೆ. ಸಕ್ಕರೆ ಪಾಕ ಮಾಡುವುದು 14.2 ಕಿಲೋ ಸಿಲಿಂಡರಿನ ಒಲೆಯಲ್ಲಿ, ಆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಅದಕ್ಕೆ 19 ಕಿಲೋದ್ದು ಬೇರೆಯೇ ಇದೆ. ಬೆಳಗಿನ ಉಪ್ಪಿಟ್ಟಿಗೆ ಒಂದು, ಪಾಕಕ್ಕೆ ಇನ್ನೊಂದು ಅಂತ ಒಲೆ ಬದಲಿಸುವವರನ್ನು ನಾನಂತೂ ನೋಡಿಲ್ಲ. ಬೇಕರಿ ಇಟ್ಟರೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು. ಬೋರ್ಡಿಲ್ಲದ, ಕೌಂಟರಿಲ್ಲದ ಅಡುಗೆಮನೆಗೆ? ಒಂದು ಕಚೇರಿಯಲ್ಲಿ ಕೇಳಿದಾಗ ಒಬ್ಬರು ಬೇಕೇಬೇಕು ಅಂದರು, ಪಕ್ಕದ ಮೇಜಿನವರು "ಸುಮ್ನೆ ಇರಿ ಮೇಡಂ, ಕೇಳಿದ್ರೇನೇ ಕಷ್ಟ" ಅಂದರು. ಜಿಎಸ್‌ಟಿಗೆ ಸರಕು ಮಾರುವವರ ಮಿತಿ 40 ಲಕ್ಷ, ಅಷ್ಟು ದೂರ ನಾವ್ಯಾರೂ ಹೋಗುವುದಿಲ್ಲ. ಆದರೂ 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆಲ್ಲ ನೋಟಿಸ್ ಹೋದಾಗ ನಮ್ಮ ಗುಂಪಿನವರೂ ಕ್ಯೂಆರ್ ಕೋಡ್ ತೆಗೆದು ಒಳಗಿಟ್ಟರು. ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಇಲ್ಲ ಅನ್ನುವುದು ಎಲ್ಲರಿಗೂ ಬಾಯಿಪಾಠ.

ಇಷ್ಟರ ಮೇಲೆ ಓನರ್. ಕೆಳಮನೆಯ ಅಂಕಲ್‌ಗೆ ನೋಂದಣಿ ಪತ್ರ ತೋರಿಸಿದಾಗ ಅವರು ನೋಡಿದ್ದು ಅದರಲ್ಲಿದ್ದ ತಮ್ಮ ಮನೆಯ ವಿಳಾಸವನ್ನು. "ನಾಳೆ ಇದನ್ನ ಕಮರ್ಷಿಯಲ್ ಅಂದ್ಬಿಟ್ರೆ ಟ್ಯಾಕ್ಸು ಯಾರಮ್ಮಾ ಕಟ್ಟೋರು?" ನ್ಯಾಯವಾದ ಪ್ರಶ್ನೆ. ಆಂಟಿ ಅಡ್ಡಬಂದು, "ಹೋಗ್ಲಿ ಬಿಡ್ರೀ, ಪಾಪ" ಅಂದರು. ಅವತ್ತಿನಿಂದ ಅವರ ಮೊಮ್ಮಗನ ಹುಟ್ಟುಹಬ್ಬದ ಕೇಕಿಗೆ ನಾನು ದುಡ್ಡು ತೆಗೆದುಕೊಂಡಿಲ್ಲ. ಯಾವ ಪೋರ್ಟಲ್ಲಿನಲ್ಲೂ ಕಟ್ಟಲಾಗದ ಶುಲ್ಕ ಇದು.

ಲೇಬಲ್ಲು

ಮೊಟ್ಟೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಲೇಬಲ್ ನಿಯಮದಲ್ಲಿ ಮೊಟ್ಟೆ ಮಾಂಸಾಹಾರದ ಕಡೆ ಸೇರುತ್ತದೆ. ಹಾಲು, ಜೇನು ಈಚೆ, ಮೊಟ್ಟೆ ಆಚೆ. ಹಸಿರು ಚುಕ್ಕಿ ಇಲ್ಲ, ಕಂದು ತ್ರಿಕೋನ. ಹಿಂದೆ ಅದೂ ದುಂಡಗೇ ಇತ್ತು, 2020ರ ನಿಯಮ ಬಂದ ಮೇಲೆ ತ್ರಿಕೋನವಾಯಿತು. ಇರುವುದು ಮೊಟ್ಟೆ ಮಾತ್ರ ಅಂತ ಪಕ್ಕದಲ್ಲಿ ಬರೆದುಕೊಳ್ಳಬಹುದು. ನಾನು ಎರಡೂ ಮಾಡುತ್ತೇನೆ. ಎಗ್‌ಲೆಸ್ ಕೇಕಿಗೆ ಮೊಸರು, ಕಂಡೆನ್ಸ್ಡ್ ಮಿಲ್ಕು. ಅದಕ್ಕೆ ಹಸಿರು ಚುಕ್ಕಿ ಇಡಲು ಅಡ್ಡಿಯಿಲ್ಲ. ಆದರೆ ಓವನ್ ಒಂದೇ. ಬೀಟರ್ ಒಂದೇ, ತೊಳೆದು ಒರೆಸಿದ್ದು. "ಮೊಟ್ಟೆ ಹಾಕಲ್ಲ ಅಲ್ವಾ?" ಅಂತ ಕೇಳುವವರಿಗೆ "ಇದಕ್ಕೆ ಹಾಕಿಲ್ಲ" ಅಂದರೆ ಸುಳ್ಳಲ್ಲ. ಅವರು ನಿಜವಾಗಿ ಕೇಳುತ್ತಿರುವುದು ಅದಲ್ಲ ಅನ್ನುವುದು ಇಬ್ಬರಿಗೂ ಗೊತ್ತು.

ನ್ಯೂಜೆರ್ಸಿಯವಳು ಒಂದು ಸಲ ತನ್ನ ಬಿಸ್ಕತ್ತಿನ ಪ್ಯಾಕೆಟ್ಟಿನ ಫೋಟೋ ಕಳಿಸಿದ್ದಳು. ಅದರ ಮೇಲೆ ದೊಡ್ಡದಾಗಿ, ಈ ತಿಂಡಿಯನ್ನು ಮಾಡಿದ್ದು ಒಂದು ಮನೆಯ ಅಡುಗೆಮನೆಯಲ್ಲಿ, ಆರೋಗ್ಯ ಇಲಾಖೆ ಆ ಅಡುಗೆಮನೆಯನ್ನು ತಪಾಸಣೆ ಮಾಡಿಲ್ಲ ಅಂತ ಬರೆದಿತ್ತು. ಹಾಗೆ ಬರೆಯುವುದು ಅಲ್ಲಿನ ಕಾನೂನು. ನಾನು ಬಿದ್ದು ಬಿದ್ದು ನಕ್ಕೆ, ಇಂಥದ್ದು ಹಾಕಿದರೆ ಇಲ್ಲಿ ಯಾರಾದರೂ ಮುಟ್ಟುತ್ತಾರಾ ಅಂತ. ಆದರೆ ಆ ಸಾಲು ತಲೆಯಿಂದ ಹೋಗಲಿಲ್ಲ. ನಾವು "ಮನೇಲೇ ಮಾಡಿದ್ದು" ಅಂತ ಹೆಮ್ಮೆಯಿಂದ ಹೇಳುವುದನ್ನೇ ಅವರು ಎಚ್ಚರಿಕೆಯಾಗಿ ಬರೆಯುತ್ತಾರೆ. ಆರ್ಡರ್ ಕೊಡುವವರು ನನಗೆ ಗೊತ್ತಿರುತ್ತಾರೆ, ಸರಿ. ಕೇಕ್ ಹೋಗುವುದು ಒಂದು ಆಫೀಸಿಗೆ. ಅಲ್ಲಿ ಇಪ್ಪತ್ತು ಜನ ತಿನ್ನುತ್ತಾರೆ, ಅವರ ಮುಖ ನನಗೆ ಗೊತ್ತಿಲ್ಲ, ನನ್ನ ಕುಲಗೋತ್ರ ಅವರಿಗೆ ಬೇಕಾಗಿಲ್ಲ. ಅವರಿಗೆ ಬೇಕಾದದ್ದು ಒಳಗೆ ಏನಿದೆ ಅನ್ನುವುದು.

ಹಾಗಾಗಿ ಲೇಬಲ್ ಬದಲಿಸಿದೆ. ಗೋಧಿ, ಹಾಲು, ಸೋಯಾ, ಗೋಡಂಬಿ ಅಂತ ಅಲರ್ಜಿಯ ಸಾಲು ಮೊದಲೇ ಇತ್ತು. ಈಗ ಅದರ ಕೆಳಗೆ ಕನ್ನಡದಲ್ಲಿ, "ನಮ್ಮ ಅಡುಗೆಮನೆಯಲ್ಲಿ, ಇದೇ ಓವನ್ನಿನಲ್ಲಿ ಮೊಟ್ಟೆ ಹಾಕಿದ ಕೇಕನ್ನೂ ಮಾಡುತ್ತೇವೆ. ಕ್ರೀಮ್ ಇದೆ, ತಂದ ಕೂಡಲೇ ಫ್ರಿಜ್ಜಿನಲ್ಲಿಡಿ" ಅಂತ ಸೇರಿಸಿದೆ. ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಹಾಕಿದೆ. ಅತ್ತೆ ಓದಿ, "ಇರೋ ಗಿರಾಕೀನ ಓಡಿಸ್ತಿದೀಯ" ಅಂದರು. ಕೆಲವರು ಹೋದರು, ನಿಜ. ವರ್ಷಗಟ್ಟಲೆ ನನ್ನ ಹತ್ತಿರವೇ ಕೊಳ್ಳುತ್ತಿದ್ದ ಒಂದು ಮನೆಯವರು ಫೋನೂ ಮಾಡಲಿಲ್ಲ. ಯಾವ ಜನ ಅಂತ ಕೇಳಿ ತೃಪ್ತಿಪಟ್ಟುಕೊಂಡಿದ್ದವರೇ ಅವರಲ್ಲಿ ಹೆಚ್ಚು. ನನ್ನ ಗೆಳತಿಗೂ ಹೀಗೇ ಬರಿ ಅಂದೆ. "ನಿನಗೆ ಇನ್ನೊಂದು ಸಾಲು ಬರೆದರೂ ನಡೆಯುತ್ತೆ, ನನಗೆ ಹಸಿರು ಚುಕ್ಕಿ ಇದ್ದರೂ ನಂಬಲ್ಲ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇತ್ತೀಚೆಗೆ ಒಬ್ಬರು ಫೋನು ಮಾಡಿದರು. ಗುರುತಿನವರಲ್ಲ, ಯಾರದೋ ಮನೆಯಲ್ಲಿ ಡಬ್ಬಿಯ ಮೇಲಿನ ಲೇಬಲ್ ನೋಡಿದ್ದರಂತೆ. ಮೊಟ್ಟೆಯ ಮಾತಿಲ್ಲ, ಊರಿನ ಮಾತಿಲ್ಲ. ಮಗಳಿಗೆ ಐದು ವರ್ಷ ತುಂಬುತ್ತಿದೆ, ಅವಳಿಗೆ ಕಡಲೆಕಾಯಿ ಬೀಜ ಆಗುವುದಿಲ್ಲ, ಒಂದು ಚೂರು ತಗುಲಿದರೂ ಆಸ್ಪತ್ರೆಗೆ ಓಡಬೇಕು. "ನಿಮ್ಮ ಲೇಬಲ್ಲಿನಲ್ಲಿ ಅದು ಇಲ್ಲ. ಆದ್ರೂ ನೀವು ಎಲ್ಲಾ ಬರೀತೀರಲ್ಲ, ಅದಕ್ಕೇ ಕೇಳ್ತಿದೀನಿ ಮೇಡಂ. ಅಡುಗೆಮನೇಲಿ ಕಡಲೆಕಾಯಿ ಬಳಸ್ತೀರಾ?" ಆ ಹೊತ್ತಿಗೆ ಅತ್ತೆ ಒಲೆಯ ಮೇಲೆ ಚಟ್ನಿಪುಡಿಗೆ ಕಡಲೆಕಾಯಿ ಬೀಜವನ್ನೇ ಹುರಿಯುತ್ತಿದ್ದರು. ಬಳಸುತ್ತೇವೆ, ವಾರಕ್ಕೊಮ್ಮೆಯಾದರೂ ಹುರಿದು ಪುಡಿ ಮಾಡುತ್ತೇವೆ, ಮಿಕ್ಸಿ ಕೂಡ ಒಂದೇ, ನನ್ನ ಹತ್ತಿರ ತಗೋಬೇಡಿ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಬೇಡ ಬಿಡಿ. ಮನೇಲಿ ಮಾಡೋರು ಇನ್ಯಾರಾದ್ರೂ ಗೊತ್ತಾ, ಕಡಲೆಕಾಯಿ ಇಲ್ಲದೇ ಇರೋರು?" ಅಂದರು. ನಾನು ಗೆಳತಿಯ ನಂಬರ್ ಕೊಟ್ಟೆ. ಅವಳ ಗಂಡನಿಗೂ ಕಡಲೆಕಾಯಿ ಆಗುವುದಿಲ್ಲ, ಆ ಮನೆಗೆ ಅದು ಬರುವುದೇ ಇಲ್ಲ.